ಫಿಟ್ಸ್ ಮಾತ್ರೆ ಮತ್ತು ಬಸಿರು: ಮಾತಾಡಬೇಕಾದದ್ದು ಮೊದಲೇ

ಫಿಟ್ಸ್‌ಗೆ ಮಾತ್ರೆ ತಗೊಳ್ಳುವ ಹೆಣ್ಣುಮಗಳು ಬಸುರಿ ಅಂತ ಗೊತ್ತಾದ ಕೂಡಲೇ ಎಷ್ಟೋ ಮನೆಗಳಲ್ಲಿ ಮಾಡುವ ಮೊದಲ ಕೆಲಸ, ಮಾತ್ರೆ ನಿಲ್ಲಿಸುವುದು. ಮಗುವಿನ ಮೇಲಿನ ಅಕ್ಕರೆಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಇದ್ದಕ್ಕಿದ್ದಂತೆ ಮಾತ್ರೆ ಬಿಟ್ಟರೆ ಫಿಟ್ಸ್ ಒಂದರ ಹಿಂದೆ ಒಂದು ಬರಬಹುದು. ತಾಯಿ ಬಿದ್ದು ಹೊಟ್ಟೆಗೆ ಪೆಟ್ಟಾಗಬಹುದು, ಮಗುವಿಗೆ ಆಮ್ಲಜನಕ ಕಮ್ಮಿಯಾಗಬಹುದು, ತಾಯಿಯ ಜೀವಕ್ಕೇ ಅಪಾಯವಾಗಬಹುದು. ಮಾತ್ರೆಯ ಬಗ್ಗೆ ಯೋಚನೆ ಮಾಡಬೇಕು, ನಿಜ. ಅದನ್ನು ಬಸಿರಿಗೂ ಎಷ್ಟೋ ಮುಂಚೆಯೇ ಮಾಡಬೇಕು.

ಈ ಮಾತ್ರೆಗಳು ಕೆಲಸ ಮಾಡುವ ರೀತಿ ಬಹಳ ಸೊಗಸಾಗಿದೆ. ಮಿದುಳಿನ ಪ್ರತಿ ನರಕೋಶದ ಪೊರೆಯಲ್ಲೂ ಸೋಡಿಯಂ ಒಳಗೆ ಬರಲು ಪುಟ್ಟ ಬಾಗಿಲುಗಳಿವೆ. ಬಾಗಿಲು ತೆರೆದಾಗ ಸೋಡಿಯಂ ಒಳನುಗ್ಗುತ್ತದೆ, ಕೋಶ ಒಂದು ವಿದ್ಯುತ್ ಸಂಕೇತ ಕಳಿಸುತ್ತದೆ. ಆಮೇಲೆ ಆ ಬಾಗಿಲಿಗೆ ಒಂದು ಕ್ಷಣ ಅಗುಳಿ ಬೀಳುತ್ತದೆ. ಅಗುಳಿ ತೆಗೆಯುವ ತನಕ ಇನ್ನೊಂದು ಸಂಕೇತ ಹೊರಡುವುದಿಲ್ಲ. ಫಿಟ್ಸ್ ಬಂದಾಗ ಅಸಂಖ್ಯ ಕೋಶಗಳು ಒಟ್ಟಿಗೆ, ಬಿಡುವೇ ಇಲ್ಲದೆ ಸಂಕೇತ ಕಳಿಸತೊಡಗುತ್ತವೆ. ಫೆನಿಟಾಯಿನ್ (ನಮ್ಮಲ್ಲಿ ಎಪ್ಟಾಯಿನ್ ಅಂದರೇ ಜನಕ್ಕೆ ಗೊತ್ತು), ಕಾರ್ಬಮಜೆಪಿನ್, ಲ್ಯಾಮೊಟ್ರಿಜಿನ್ ಹೋಗಿ ಅಂಟಿಕೊಳ್ಳುವುದು ಹೆಚ್ಚಾಗಿ ಅಗುಳಿ ಬಿದ್ದ ಬಾಗಿಲಿಗೆ. ಅಗುಳಿ ತೆಗೆಯುವುದು ತಡವಾಗುತ್ತದೆ. ನಿಧಾನವಾಗಿ ಕೆಲಸ ಮಾಡುವ ಕೋಶಕ್ಕೆ ಈ ತಡ ಅಷ್ಟಾಗಿ ತಟ್ಟುವುದಿಲ್ಲ. ಹುಚ್ಚೆದ್ದು ಓಡುವ ಕೋಶಕ್ಕೆ ಮಾತ್ರ ಕಡಿವಾಣ ಬೀಳುತ್ತದೆ. ಮಾತ್ರೆ ನುಂಗಿಯೂ ಓದಲು, ಲೆಕ್ಕ ಮಾಡಲು, ಹಾಡಲು ಸಾಧ್ಯವಾಗುವುದು ಇದರಿಂದಲೇ.

ಎಲ್ಲ ಮಾತ್ರೆಗಳೂ ಹೀಗೇ ಅಲ್ಲ. ಗಾರ್ಡಿನಾಲ್ ಎಂಬ ಹೆಸರಲ್ಲಿ ಸಿಗುವ ಫಿನೋಬಾರ್ಬಿಟೋನ್ 1912ರಿಂದ ಬಳಕೆಯಲ್ಲಿದೆ. ಅದೂ, ಕ್ಲೋಬಜಾಮ್ ಕೂಡ, ಮಿದುಳನ್ನು ಶಾಂತವಾಗಿಡುವ ಗಾಬಾ ಎಂಬ ರಾಸಾಯನಿಕದ ಬಲ ಹೆಚ್ಚಿಸುತ್ತವೆ. ಈಗ ತುಂಬಾ ಕಡೆ ಬರೆದುಕೊಡುವ ಲೆವೆಟಿರಾಸೆಟಾಮ್, ಒಂದು ಕೋಶ ಇನ್ನೊಂದಕ್ಕೆ ರಾಸಾಯನಿಕ ಸುರಿಯುವ ಜಾಗದಲ್ಲಿ ಕೆಲಸ ಮಾಡುತ್ತದೆ.

ಇವನ್ನೆಲ್ಲ ಬರೀ ಫಿಟ್ಸ್‌ಗೇ ಕೊಡುತ್ತಾರೆ ಅಂದುಕೊಳ್ಳಬೇಡಿ. ಮುಖದ ನರ ಸಿಡಿದಂತಾಗುವ ನೋವಿಗೆ ಕಾರ್ಬಮಜೆಪಿನ್, ಮೈಗ್ರೇನ್ ತಡೆಯಲು ಟೋಪಿರಮೇಟ್, ಮನಸ್ಸು ವಿಪರೀತ ಏರಿಳಿಯುವ ಬೈಪೋಲಾರ್ ಕಾಯಿಲೆಗೆ ವಾಲ್ಪ್ರೋಯೇಟ್ ಮತ್ತು ಲ್ಯಾಮೊಟ್ರಿಜಿನ್ ಕೊಡುವುದುಂಟು. ಹಾಗಾಗಿ ಫಿಟ್ಸ್ ಒಮ್ಮೆಯೂ ಬಾರದ ಹೆಂಗಸಿಗೂ ಮುಂದಿನ ವಿಷಯ ಅನ್ವಯಿಸುತ್ತದೆ.

ವಾಲ್ಪ್ರೋಯೇಟ್‌ನ ಗುಣ ಸಿಕ್ಕಿದ್ದು ಆಕಸ್ಮಿಕವಾಗಿ. 1960ರ ದಶಕದ ಆರಂಭದಲ್ಲಿ ಫ್ರಾನ್ಸ್‌ನಲ್ಲಿ ಬೇರೆ ಔಷಧಿಗಳನ್ನು ಕರಗಿಸಲು ಇದನ್ನು ಬಳಸುತ್ತಿದ್ದರು. ಏನು ಕರಗಿಸಿ ಕೊಟ್ಟರೂ ಪ್ರಾಣಿಗಳಲ್ಲಿ ಫಿಟ್ಸ್ ನಿಲ್ಲುತ್ತಿತ್ತು. ಕೆಲಸ ಮಾಡುತ್ತಿದ್ದುದು ಕರಗಿಸುವ ದ್ರವವೇ ಅಂತ ಆಮೇಲೆ ತಿಳಿಯಿತು. ಹಲವು ಬಗೆಯ ಫಿಟ್ಸ್‌ಗೆ ಇದು ನಿಜಕ್ಕೂ ಒಳ್ಳೆಯ ಮದ್ದು. ಬಸಿರಿನಲ್ಲಿ ಅತಿ ಹೆಚ್ಚು ಅಪಾಯವಿರುವುದೂ ಇದರಲ್ಲೇ. ಸಾಮಾನ್ಯವಾಗಿ 100 ಮಕ್ಕಳಲ್ಲಿ 2–3 ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ದೋಷ ಇರುತ್ತದೆ. ತಾಯಿ ವಾಲ್ಪ್ರೋಯೇಟ್ ತಗೊಂಡಿದ್ದರೆ ಅದು ಸುಮಾರು 10ಕ್ಕೆ ಏರುತ್ತದೆ, ಡೋಸ್ ಜಾಸ್ತಿಯಾದಷ್ಟೂ ಅಪಾಯ ಜಾಸ್ತಿ. ಬೆನ್ನುಹುರಿ ಪೂರ್ತಿ ಮುಚ್ಚಿಕೊಳ್ಳದೆ ಉಳಿಯುವುದು ಅದರಲ್ಲಿ ಒಂದು. ಕಣ್ಣಿಗೆ ಕಾಣದ ಪೆಟ್ಟೂ ಇದೆ. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೊಂದರಲ್ಲಿ ಇಂಥ ಮಕ್ಕಳ ಐಕ್ಯೂ, 6ನೇ ವಯಸ್ಸಿನಲ್ಲಿ, ಬೇರೆ ಫಿಟ್ಸ್ ಮಾತ್ರೆ ತಗೊಂಡ ತಾಯಂದಿರ ಮಕ್ಕಳಿಗಿಂತ 7ರಿಂದ 10 ಅಂಕ ಕಮ್ಮಿ ಇತ್ತು.

ಇಲ್ಲಿ ಸಮಯದ ಲೆಕ್ಕ ಮುಖ್ಯ. ಮಗುವಿನ ಬೆನ್ನುಹುರಿಯಾಗುವ ಕೊಳವೆ ಗರ್ಭ ನಿಂತ ಸುಮಾರು 28 ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಅಂದರೆ ಮುಟ್ಟು ತಪ್ಪಿ ಎರಡೇ ವಾರ ಆಗಿರುತ್ತದೆ. ಎಷ್ಟೋ ಜನ ಆಗಿನ್ನೂ ಟೆಸ್ಟ್ ಕೂಡ ಮಾಡಿಸಿರುವುದಿಲ್ಲ. ಆಮೇಲೆ ಗಾಬರಿಯಾಗಿ ಮಾತ್ರೆ ಬಿಟ್ಟರೆ ಆ ದೋಷ ತಪ್ಪುವುದಿಲ್ಲ, ಫಿಟ್ಸ್ ಮಾತ್ರ ಬರುತ್ತದೆ.

ಲ್ಯಾಮೊಟ್ರಿಜಿನ್ ಮತ್ತು ಲೆವೆಟಿರಾಸೆಟಾಮ್‌ನಲ್ಲಿ ದೋಷದ ಪ್ರಮಾಣ ಹೆಚ್ಚುಕಮ್ಮಿ ಎಲ್ಲರಷ್ಟೇ. ಅವಕ್ಕೆ ಬದಲಾಯಿಸಬೇಕಾದರೆ ತಿಂಗಳುಗಳೇ ಬೇಕು, ಫೋಲಿಕ್ ಆಸಿಡ್ ಎಂಬ ವಿಟಮಿನ್ ಮಾತ್ರೆ ಕೂಡ ಗರ್ಭ ನಿಲ್ಲುವ ಮೊದಲೇ ಶುರುವಾಗಬೇಕು. ಆದರೆ ಮದುವೆ ಮಾತುಕತೆಯಲ್ಲಿ ಹುಡುಗಿಯ ಫಿಟ್ಸ್ ಬಗ್ಗೆ ಬಾಯಿಬಿಡದ ಮನೆಗಳು ನಮ್ಮಲ್ಲಿ ಬಹಳ. ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ 1990ರ ದಶಕದಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ ಸಾವಿರಕ್ಕೆ ಸುಮಾರು 9 ಮಂದಿಗೆ ಮೂರ್ಛೆರೋಗ ಕಂಡಿತ್ತು. ಇದು ಎಲ್ಲೋ ಯಾರಿಗೋ ಬರುವ ಕಾಯಿಲೆಯಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿ ಅಂತ ಇದ್ದ ಮೂರ್ಛೆರೋಗವನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಕಾನೂನು ಬಿಟ್ಟಿದ್ದನ್ನು ನಾವು ಬಿಟ್ಟಿಲ್ಲ. ಅತ್ತೆಮನೆಯಲ್ಲಿ ಬಟ್ಟೆಯ ಮಧ್ಯೆ ಸ್ಟ್ರಿಪ್ ಬಚ್ಚಿಟ್ಟು, ಒಂದು ದಿನ ನುಂಗಿ ಇನ್ನೊಂದು ದಿನ ಬಿಡುವ ಹುಡುಗಿ ಮಾತ್ರೆ ಬದಲಾಯಿಸಿಕೊಳ್ಳಲು ವೈದ್ಯರ ಹತ್ತಿರ ಹೋಗುವುದಾದರೂ ಹೇಗೆ? ನನಗೆ ಅತ್ಯಂತ ಸಂಕಟ ತರುವ ಭಾಗ ಇದೇ. ವಿಜ್ಞಾನ ದಾರಿ ತೋರಿಸಿದೆ, ಮನೆಯ ಮೌನ ಅಡ್ಡ ನಿಂತಿದೆ.

ಸ್ಟ್ರಿಪ್ ಅಂದಾಗ ನೆನಪಾಯಿತು. ದೊಡ್ಡಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಕೆಳಗೆ ಸಣ್ಣಕ್ಷರದಲ್ಲಿ ‘ವಾಲ್ಪ್ರೋಯೇಟ್’ ಅಥವಾ ‘ಡೈವಾಲ್ಪ್ರೋಯೆಕ್ಸ್’ ಅಂತ ಇದೆಯಾ ನೋಡಿ. ಇದ್ದರೆ ಮಾತ್ರೆ ಬಿಡಬೇಡಿ, ನರರೋಗ ತಜ್ಞರನ್ನು ಕೇಳಿ. ಕಾರ್ಬಮಜೆಪಿನ್, ಫೆನಿಟಾಯಿನ್‌ನಂಥವು ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸುತ್ತವೆ, ಅದನ್ನೂ ಕೇಳಿ ತಿಳಿದುಕೊಳ್ಳಿ.

ಬಸಿರಿನಲ್ಲಿ ಮೈ ಲ್ಯಾಮೊಟ್ರಿಜಿನ್ ಅನ್ನು ಬೇಗ ಹೊರಹಾಕುತ್ತದೆ. ರಕ್ತದಲ್ಲಿ ಅದರ ಮಟ್ಟ ಅರ್ಧಕ್ಕೂ ಇಳಿಯಬಹುದು, ಅದಕ್ಕೇ ಡೋಸ್ ಏರಿಸುತ್ತಾರೆ. ಹೆರಿಗೆಯಾದ ಮೇಲೆ ಮತ್ತೆ ಇಳಿಸದಿದ್ದರೆ ತಲೆಸುತ್ತು, ಓಲಾಟ ಶುರುವಾಗುತ್ತದೆ. ಎದೆಹಾಲು ಕೊಡಬಹುದು. ನಿದ್ದೆಗೆಟ್ಟರೆ ಫಿಟ್ಸ್ ಬರುವುದು ಹೆಚ್ಚು, ಆದ್ದರಿಂದ ರಾತ್ರಿ ಮಗು ಅತ್ತಾಗ ಎತ್ತಿಕೊಳ್ಳಲು ಇನ್ನೊಬ್ಬರು ಬೇಕು. ಮಗುವಿಗೆ ನೀರು ಹಾಕುವಾಗಲೂ ತಾಯಿ ಒಬ್ಬಳೇ ಇರಬಾರದು. ಬಾಣಂತಿಗೆ ಹಂಡೆಯ ಸುಡುನೀರು ತಲೆಗೆ ಹುಯ್ಯುವ ಮನೆಗಳಿಗೆ ಇನ್ನೊಂದು ಮಾತು: ತಲೆಗೆ ಬಿಸಿನೀರು ಬಿದ್ದಾಗ ಬರುವ ಫಿಟ್ಸ್ ನಮ್ಮ ಕರ್ನಾಟಕದಲ್ಲೇ ಹೆಚ್ಚು ಕಾಣುವಂಥದ್ದು, ನಿಮ್ಹಾನ್ಸ್ ವೈದ್ಯರು ಇದನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಹಾಗೆ ಫಿಟ್ಸ್ ಬರುವ ಬಾಣಂತಿಗೆ ತಲೆಸ್ನಾನ ಉಗುರುಬೆಚ್ಚಗಿನ ನೀರಲ್ಲೇ ಆಗಬೇಕು.