ಗೇಮ್ ಓಪನ್ ಆಗ್ತಿಲ್ವಾ? ಆಂಟಿವೈರಸ್ ಆಫ್ ಮಾಡುವ ಮೊದಲು ಎರರ್ ಓದಿ

ರಿಪೇರಿಗೆ ಬರುವ ಗೇಮಿಂಗ್ ಕಂಪ್ಯೂಟರ್‌ಗಳಲ್ಲಿ ಈಚೆಗೆ ಒಂದೇ ದೂರು ಜಾಸ್ತಿ. "ಸರ್, ಗ್ರಾಫಿಕ್ಸ್ ಕಾರ್ಡ್ ಚೆನ್ನಾಗಿದೆ, ರ‍್ಯಾಮ್ ಬೇಕಾದಷ್ಟಿದೆ. ಗೇಮ್ ಮಾತ್ರ ಓಪನ್ ಆಗ್ತಿಲ್ಲ. ಏನೋ ಸೆಕ್ಯೂರಿಟಿ ಅಂತ ಬರುತ್ತೆ." ಏನಂತ ಬರುತ್ತೆ ಎಂದು ಕೇಳಿದರೆ ಹೆಚ್ಚಿನವರಿಗೆ ನೆನಪಿರುವುದಿಲ್ಲ. ಓಕೆ ಒತ್ತಿ ಮುಚ್ಚಿರುತ್ತಾರೆ. ಆಮೇಲೆ ಯಾವುದೋ ವಿಡಿಯೋ ನೋಡಿ ಆಂಟಿವೈರಸ್ ಆಫ್, ಫೈರ್‌ವಾಲ್ ಆಫ್, ಸಿಕ್ಕಿದ್ದೆಲ್ಲ ಆಫ್. ಅಷ್ಟಾದರೂ ಗೇಮ್ ತೆರೆಯುವುದಿಲ್ಲ. ಕಂಪ್ಯೂಟರ್ ಮಾತ್ರ ಬಾಗಿಲು ಹಾಕದೆ ಬಿಟ್ಟ ಮನೆಯಂತಾಗಿರುತ್ತದೆ.

ಇದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಯಾಕೆಂದರೆ ಈಗಿನ ಗೇಮ್‌ಗಳ ಇಂಥ ಎರರ್‌ಗಳಲ್ಲಿ ಬಹಳಷ್ಟು ಹೇಳುವುದೇ ಬೇರೆ. ನಿಮ್ಮ ಕಂಪ್ಯೂಟರ್‌ನಲ್ಲಿ ರಕ್ಷಣೆ ಜಾಸ್ತಿಯಾಯಿತು ಎಂದಲ್ಲ, ಸಾಲದು ಎಂದು. ಸಾಲದು ಅನ್ನುವಾಗ ಇದ್ದದ್ದನ್ನೂ ತೆಗೆದರೆ ಗೇಮ್ ಹೇಗೆ ತೆರೆದೀತು?

ಆನ್‌ಲೈನ್‌ನಲ್ಲಿ ಆಡುವ ದೊಡ್ಡ ಗೇಮ್‌ಗಳ ಜೊತೆ ಆಂಟಿ-ಚೀಟ್ ಎಂಬ ಕಾವಲು ತಂತ್ರಾಂಶ ಬರುತ್ತದೆ. ವ್ಯಾಲೊರಂಟ್‌ಗೆ ವ್ಯಾನ್‌ಗಾರ್ಡ್ ಇದೆ. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎಂಬುವು ಹಲವು ಗೇಮ್‌ಗಳಲ್ಲಿವೆ. ಇವು ವಿಂಡೋಸ್‌ನ ಕರ್ನಲ್ ಮಟ್ಟದಲ್ಲಿ, ಅಂದರೆ ಡ್ರೈವರ್‌ಗಳು ಕೆಲಸ ಮಾಡುವ ಆಳದಲ್ಲಿ ಕೂರುತ್ತವೆ. ಮೋಸದಾಟದ ತಂತ್ರಾಂಶಗಳೂ ಅಲ್ಲಿಗೇ ಇಳಿದಿವೆ. ಕೆಲವಂತೂ ವಿಂಡೋಸ್ ಏಳುವ ಮೊದಲೇ ಒಳಗೆ ನುಸುಳಿಬಿಡುತ್ತವೆ. ಆಮೇಲೆ ಬಂದ ಕಾವಲುಗಾರನಿಗೆ ಮೊದಲೇ ಒಳಗಿದ್ದವನು ಕಾಣುವುದಿಲ್ಲ. ಅದಕ್ಕೇ ಸೆಕ್ಯೂರ್ ಬೂಟ್ ಬೇಕು ಎನ್ನುತ್ತಾರೆ. ಕಂಪ್ಯೂಟರ್ ಆನ್ ಆದ ಕ್ಷಣದಿಂದ ನಂಬಬಹುದಾದ ಡಿಜಿಟಲ್ ಸಹಿ ಇರುವ ಕೋಡ್ ಮಾತ್ರ ಓಡುವಂತೆ ನೋಡಿಕೊಳ್ಳುವುದು ಅದರ ಕೆಲಸ. ಟಿಪಿಎಂ 2.0 ಚಿಪ್ ಆ ಹಂತಗಳ ದಾಖಲೆ ಇಟ್ಟುಕೊಳ್ಳುತ್ತದೆ. ವ್ಯಾಲೊರಂಟ್ ವಿಂಡೋಸ್ 11ರಲ್ಲಿ ಎರಡನ್ನೂ ಕೇಳುತ್ತದೆ. 2025ರ ಅಕ್ಟೋಬರ್‌ನಲ್ಲಿ ಬಂದ ಬ್ಯಾಟಲ್‌ಫೀಲ್ಡ್ 6 ಸೆಕ್ಯೂರ್ ಬೂಟ್ ಇಲ್ಲದೆ ತೆರೆಯುವುದೇ ಇಲ್ಲ.

ಕಳೆದ ತಿಂಗಳು ಒಬ್ಬ ಹುಡುಗ ತನ್ನ ಸಿಪಿಯು ಹೊತ್ತುಕೊಂಡೇ ಬಂದ. "ಸೆಕ್ಯೂರ್ ಬೂಟ್ ಆನ್ ಮಾಡಿದ್ದೀನಿ ಸರ್, ನೀವೇ ನೋಡಿ. ಆದ್ರೂ ಆನ್ ಮಾಡು ಅಂತಾನೇ ಬರ್ತಿದೆ." ಬಯಾಸ್, ಅಂದರೆ ವಿಂಡೋಸ್ ಏಳುವ ಮೊದಲು ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ, ತೆರೆದು ನೋಡಿದೆ. ಅವನು ಹೇಳಿದ್ದು ನಿಜ, ಎನೇಬಲ್ಡ್ ಎಂದೇ ಇತ್ತು. ಆದರೆ ಅದೇ ಪುಟದಲ್ಲಿ ಇನ್ನೆರಡು ಸಾಲುಗಳಿದ್ದವು. ಒಂದರಲ್ಲಿ ನಾಟ್ ಆ್ಯಕ್ಟಿವ್, ಇನ್ನೊಂದರಲ್ಲಿ ಸಿಸ್ಟಂ ಮೋಡ್: ಸೆಟಪ್. ಸಹಿಗಳನ್ನು ತಾಳೆ ನೋಡಲು ಬೇಕಾದ ಕೀಗಳೇ ಬೋರ್ಡ್‌ನಲ್ಲಿ ಇರಲಿಲ್ಲ ಎಂದು ಇದರರ್ಥ. ಬೀಗ ಹಾಕಿದ್ದಾನೆ, ಅದರೊಳಗೆ ಲಿವರ್ ಇಲ್ಲ. ಅಲ್ಲೇ ಕೆಳಗಿದ್ದ ರಿಸ್ಟೋರ್ ಫ್ಯಾಕ್ಟರಿ ಕೀಸ್ ಒತ್ತಿ, ಸೇವ್ ಮಾಡಿ ರೀಸ್ಟಾರ್ಟ್ ಮಾಡಿದೆ. ಮೋಡ್ ಯೂಸರ್ ಎಂದು ಬದಲಾಯಿತು, ಗೇಮ್ ಓಪನ್ ಆಯಿತು. ಅವನು ಎರಡು ಸಲ ವಿಂಡೋಸ್ ರೀಇನ್‌ಸ್ಟಾಲ್ ಮಾಡಿಕೊಂಡಿದ್ದನಂತೆ!

ಆದ್ದರಿಂದ ಬಯಾಸ್ ಏನನ್ನುತ್ತದೆ ಎನ್ನುವುದಕ್ಕಿಂತ ವಿಂಡೋಸ್ ಏನನ್ನುತ್ತದೆ ಎಂದು ನೋಡಿ. ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಂ ಇನ್ಫರ್ಮೇಶನ್ ಎಂದು ಹುಡುಕಿ ತೆರೆಯಿರಿ. ಬಯಾಸ್ ಮೋಡ್ ಎದುರು ಯುಇಎಫ್ಐ (ಬಯಾಸ್‌ನ ಹೊಸ ಪದ್ಧತಿ), ಸೆಕ್ಯೂರ್ ಬೂಟ್ ಸ್ಟೇಟ್ ಎದುರು ಆನ್ ಎಂದಿರಬೇಕು.

ಬಯಾಸ್ ಮೋಡ್ ಲೆಗಸಿ, ಅಂದರೆ ಹಳೆಯ ಪದ್ಧತಿ, ಎಂದಿದ್ದರೆ ದಯವಿಟ್ಟು ಅಲ್ಲೇ ನಿಲ್ಲಿ. ಅವಸರದಲ್ಲಿ ಬಯಾಸ್‌ಗೆ ಹೋಗಿ, ಆ ಹಳೆಯ ಪದ್ಧತಿಯನ್ನು ನಡೆಸುವ ಸಿಎಸ್‌ಎಂ ಆಫ್ ಮಾಡಿದರೆ ವಿಂಡೋಸ್ ಏಳುವುದಿಲ್ಲ. ಯಾಕೆಂದರೆ ನಿಮ್ಮ ಡಿಸ್ಕ್‌ನ ವಿಭಾಗಗಳು ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿವೆ. ಯುಇಎಫ್ಐ ಮೂಲಕ ವಿಂಡೋಸ್ ಏಳಬೇಕೆಂದರೆ ಜಿಪಿಟಿ ಎಂಬ ಹೊಸ ಪದ್ಧತಿ ಬೇಕು. ಬದಲಿಸಲು ವಿಂಡೋಸ್ 10ರ ಕಾಲದಿಂದಲೂ ಎಂಬಿಆರ್2ಜಿಪಿಟಿ ಎಂಬ ಸಾಧನ ವಿಂಡೋಸ್ ಜೊತೆಗೇ ಬರುತ್ತಿದೆ. ಡೇಟಾ ಅಳಿಸದೆ ಕೆಲಸ ಮುಗಿಸುತ್ತದೆ. ಮೊದಲು ಅದರ ವ್ಯಾಲಿಡೇಟ್, ಅಂದರೆ ಪರೀಕ್ಷೆ, ಓಡಿಸಿ. ಅದು ಸರಿ ಎಂದರೆ ಮಾತ್ರ ಕನ್ವರ್ಟ್, ಅದಾದ ಮೇಲೆಯೇ ಸಿಎಸ್‌ಎಂ ಆಫ್. ಇದೆಲ್ಲಕ್ಕೂ ಮೊದಲು ಬ್ಯಾಕಪ್ ಮಾಡಿಕೊಳ್ಳಿ, ಇದರಲ್ಲಿ ರಾಜಿ ಬೇಡ. ತೀರಾ ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸಿಎಸ್‌ಎಂ ತೆಗೆದ ಮೇಲೆ ಪರದೆ ಕಪ್ಪಾಗಿಯೇ ಉಳಿಯಬಹುದು, ಅದೂ ಗಮನದಲ್ಲಿರಲಿ.

ಇನ್ನೊಂದು ಎಚ್ಚರಿಕೆ. ಬಯಾಸ್ ಸೆಟ್ಟಿಂಗ್ ಮುಟ್ಟುವ ಮುನ್ನ, ಇಡೀ ಡಿಸ್ಕ್‌ಗೆ ಬೀಗ ಹಾಕಿಡುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕರಿಗೇ ಗೊತ್ತಿಲ್ಲದೆ ಅದು ಆನ್ ಆಗಿರುತ್ತದೆ. ಸೆಕ್ಯೂರ್ ಬೂಟ್ ಅಥವಾ ಟಿಪಿಎಂ ಬದಲಾದರೆ ಮುಂದಿನ ಸಲ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದನ್ನು ಮೊದಲೇ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ ಕೀ ಇಲ್ಲದೆ ಮದುವೆ ಫೋಟೋಗಳನ್ನೆಲ್ಲ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಟಿಪಿಎಂ ಬಯಾಸ್‌ನಲ್ಲಿ ಆ ಹೆಸರಲ್ಲೇ ಕಾಣಬೇಕೆಂದಿಲ್ಲ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂದಿರುತ್ತದೆ.

ರಕ್ಷಣೆಯೇ ಅಡ್ಡ ಬರುವುದು ಇಲ್ಲವೇ ಇಲ್ಲ ಎಂದಲ್ಲ. ಅಪ್‌ಡೇಟ್ ಆದ ಮರುದಿನವೇ ಗೇಮ್ ಸದ್ದಿಲ್ಲದೆ ಮುಚ್ಚಿಕೊಂಡರೆ ವಿಂಡೋಸ್ ಸೆಕ್ಯೂರಿಟಿಯ ಪ್ರೊಟೆಕ್ಷನ್ ಹಿಸ್ಟರಿ ತೆರೆಯಿರಿ. ಯಾವ ಫೈಲ್ ಹಿಡಿದಿದೆ, ಎಷ್ಟು ಹೊತ್ತಿಗೆ, ಎಲ್ಲ ಅಲ್ಲಿದೆ. ಅಧಿಕೃತ ಅಂಗಡಿಯಿಂದ ಕೊಂಡ ಗೇಮ್ ಆದರೆ ಮೊದಲು ಸ್ಟೀಮ್‌ನಂಥ ಲಾಂಚರ್‌ನಲ್ಲೇ ಫೈಲ್‌ಗಳನ್ನು ವೆರಿಫೈ ಮಾಡಿಸಿ. ಆಮೇಲೂ ಅದೇ ಫೈಲ್ ಹಿಡಿದರೆ ಆ ಗೇಮ್‌ನ ಫೋಲ್ಡರ್‌ಗೆ ಮಾತ್ರ ವಿನಾಯಿತಿ ಕೊಡಿ. ಇಡೀ ಡಿ ಡ್ರೈವ್‌ಗೆ ಕೊಡುವವರಿದ್ದಾರೆ, ಹಾಗೆ ಮಾಡಬೇಡಿ. ಕ್ರ್ಯಾಕ್ ಮಾಡಿದ ಗೇಮ್‌ಗೆ ವಿನಾಯಿತಿ ಕೊಡಿ ಎಂದು ನನ್ನನ್ನು ಕೇಳಿದರೆ ನಾನು ಕೊಡುವುದಿಲ್ಲ. ಆ ಫೈಲ್ ಒಳಗೆ ಏನಿದೆ ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ನನ್ನ ಅನುಭವದಲ್ಲಿ ಹೆಚ್ಚು ಸತಾಯಿಸುವುದು ಗೇಮ್‌ಗೆ ಸಂಬಂಧವೇ ಇಲ್ಲದ ಡ್ರೈವರ್. ಫ್ಯಾನ್ ವೇಗ, ದೀಪದ ಬಣ್ಣ, ತಾಪಮಾನ ತೋರಿಸುವ ಸಣ್ಣ ತಂತ್ರಾಂಶಗಳಿವೆಯಲ್ಲ, ಅವುಗಳ ಡ್ರೈವರ್ ಹಳೆಯದಾಗಿದ್ದರೆ ಆಂಟಿ-ಚೀಟ್ ಕೆಲವೊಮ್ಮೆ ಬಾಗಿಲಲ್ಲೇ ತಡೆಯುತ್ತದೆ. ಇಂಥ ಎಷ್ಟೋ ತಂತ್ರಾಂಶಗಳು ಬಳಸುತ್ತಿದ್ದ ವಿನ್‌ರಿಂಗ್0 ಎಂಬ ಡ್ರೈವರನ್ನು 2025ರಲ್ಲಿ ವಿಂಡೋಸ್‌ನದೇ ಆಂಟಿವೈರಸ್ ಆದ ವಿಂಡೋಸ್ ಡಿಫೆಂಡರ್ ಅಪಾಯಕಾರಿ ಎಂದು ಹಿಡಿಯತೊಡಗಿತು. ಇದು ಅತಿರೇಕವಲ್ಲ. ದೋಷವಿರುವ ಡ್ರೈವರ್ ಕಳ್ಳನಿಗೂ ಕೀಲಿಕೈ. 2022ರಲ್ಲಿ ಗೆನ್‌ಶಿನ್ ಇಂಪ್ಯಾಕ್ಟ್‌ನ ಆಂಟಿ-ಚೀಟ್ ಡ್ರೈವರನ್ನೇ ಬಳಸಿಕೊಂಡು, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಕೋರರು ಆಂಟಿವೈರಸ್ ನಿಲ್ಲಿಸಿದ್ದು ಬಯಲಾಯಿತು. ಆ ಕಂಪ್ಯೂಟರ್‌ನಲ್ಲಿ ಗೇಮ್ ಇರಬೇಕೆಂದೂ ಇರಲಿಲ್ಲ, ಡ್ರೈವರ್ ಫೈಲ್ ಒಂದೇ ಸಾಕಾಗಿತ್ತು. ಹಾಗಾಗಿ ಕರ್ನಲ್‌ಗೆ ಕಾವಲಿರುವ ಮೆಮೊರಿ ಇಂಟೆಗ್ರಿಟಿ ಎಂಬ ವಿಂಡೋಸ್ ರಕ್ಷಣೆಯನ್ನು ಆಫ್ ಮಾಡಿ ಎಂಬ ಸಲಹೆ ಸಿಕ್ಕರೆ ಪಾಲಿಸಬೇಡಿ. ವಿಂಡೋಸ್ ಸೆಕ್ಯೂರಿಟಿಯಲ್ಲಿ ಅದರ ಪುಟದಲ್ಲೇ ಹೊಂದಿಕೆಯಾಗದ ಡ್ರೈವರ್‌ಗಳ ಹೆಸರು ಬರುತ್ತದೆ. ಆ ತಂತ್ರಾಂಶವನ್ನು ಅಪ್‌ಡೇಟ್ ಮಾಡಿ, ಇಲ್ಲವೇ ತೆಗೆದುಹಾಕಿ.

ಪರದೆಯ ಬಲ ಮೂಲೆಯಲ್ಲಿ ಟೆಸ್ಟ್ ಮೋಡ್ ಎಂದು ಸಣ್ಣಗೆ ಬರೆದಿದ್ದರೆ ಅದೂ ಒಂದು ಕಾರಣ. ಸಹಿ ಇಲ್ಲದ ಡ್ರೈವರ್ ಹಾಕಲು ಯಾರೋ ಆ ಮೋಡ್ ತೆರೆದು ಹಾಗೇ ಬಿಟ್ಟಿರುತ್ತಾರೆ. ಅದನ್ನು ಮುಚ್ಚಿ ರೀಸ್ಟಾರ್ಟ್ ಮಾಡಿದರೆ ಸಾಕು.

ಕೊನೆಗೆ, ಗಡಿಯಾರ. ತಾರೀಖು ತಪ್ಪಿದ್ದರೆ ಸರ್ವರ್‌ನ ಗುರುತು ಖಚಿತಪಡಿಸುವ ಸರ್ಟಿಫಿಕೇಟ್‌ಗಳು ಸಿಂಧುವಲ್ಲದಂತೆ ಕಾಣುತ್ತವೆ, ಗೇಮ್ ಸರ್ವರ್ ಜೊತೆ ಮಾತೇ ಆಡುವುದಿಲ್ಲ. ಒಬ್ಬರು ದಿನಾ ಬೆಳಿಗ್ಗೆ ಸಮಯ ಸರಿಮಾಡಿ ಆಡುತ್ತಿದ್ದರು. ರಾತ್ರಿ ಸ್ವಿಚ್ ಆಫ್ ಮಾಡಿದರೆ ಮತ್ತೆ ಅದೇ ಕತೆ. ಜೊತೆಗೆ ಸೆಕ್ಯೂರ್ ಬೂಟ್ ಕೂಡ ತಾನಾಗಿ ಆಫ್ ಆಗುತ್ತಿತ್ತು. ಅವರು ಅದನ್ನು ವೈರಸ್ ಎಂದುಕೊಂಡಿದ್ದರು. ಮದರ್‌ಬೋರ್ಡ್ ಮೇಲಿನ ನಾಣ್ಯದ ಗಾತ್ರದ ಸೆಲ್, ಸಿಆರ್2032, ಸತ್ತಿತ್ತು. ಸೆಲ್ ಬದಲಿಸಿ, ಸಮಯ ಕೂರಿಸಿ, ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿಕೊಟ್ಟೆ. ಮರುದಿನ ಬೆಳಿಗ್ಗೆ ಅವರದೇ ಫೋನ್ ಬಂತು: "ಇವತ್ತು ಸುಮ್ನೆ ಆನ್ ಮಾಡ್ದೆ ಸರ್, ಓಪನ್ ಆಯ್ತು."