ಪದ ಪರಿಚಯ: ಸ್ಕಾರ್ಫ್ ರಿಪೇರಿ

ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಮಾತು ಎದ್ದಾಗಿನಿಂದ ಹಾಸನದ ಕಾಲೇಜು ಹುಡುಗರ ಪ್ರಶ್ನೆಗಳೂ ಬದಲಾಗಿವೆ. ಮೆಕ್ಯಾನಿಕಲ್ ಓದುವ ಒಬ್ಬ ಕೇಳಿದ: "ಸರ್, ಈಗಿನ ವಿಮಾನ ತಗಡಿನದಲ್ಲವಂತೆ. ಗುದ್ದಿಸಿಕೊಂಡರೆ ಟಿಂಕರಿಂಗ್ ಹೇಗೆ?"

ಟಿಂಕರಿಂಗ್ ಇಲ್ಲಿ ನಡೆಯೋದಿಲ್ಲ. ಬೋಯಿಂಗ್ 787ರ ತೂಕದಲ್ಲಿ ಸುಮಾರು ಅರ್ಧದಷ್ಟು ಕಾಂಪೋಸಿಟ್. ನಮ್ಮ ತೇಜಸ್‌ನ ಹೊರಮೈ ಬಹುಪಾಲು ಅದೇ. ಕಾರ್ಬನ್ ಎಳೆಗಳಿಗೆ ಎಪಾಕ್ಸಿ ಎಂಬ ಅಂಟು ಕುಡಿಸಿ, ಪದರದ ಮೇಲೆ ಪದರ ಇಟ್ಟು ಕಾಯಿಸಿ ಗಟ್ಟಿಮಾಡಿದ ವಸ್ತು. ಪೆಟ್ಟು ಬಿದ್ದರೆ ತಗಡಿನಂತೆ ತಗ್ಗಾಗುವ ಬದಲು ಒಳಗಿನ ಪದರಗಳು ಬಿಟ್ಟುಕೊಳ್ಳುತ್ತವೆ. ಸ್ಪ್ಯಾನರ್ ಕೈಜಾರಿ ಬಿದ್ದರೂ ಸಾಕು, ಮೇಲೆ ಗೀರು ಕೂಡ ಕಾಣದಿರಬಹುದು. ಅದಕ್ಕೇ ಪುಟ್ಟ ಸುತ್ತಿಗೆಯಿಂದ ಬಡಿದು ಕೇಳುತ್ತಾರೆ: ಟಣ್ ಎಂದರೆ ಗಟ್ಟಿ, ದಬ್ ಎಂದರೆ ಒಳಗೆ ಬಿಟ್ಟಿದೆ. ಅರಸೀಕೆರೆ ಕಡೆ ತೆಂಗಿನಕಾಯಿ ಬಡಿದು ಆರಿಸುವವರಿಗೆ ಇದನ್ನು ವಿವರಿಸಬೇಕಿಲ್ಲ. ದಪ್ಪ ಭಾಗಕ್ಕೆ ಮಾತ್ರ ಕಿವಿ ಸಾಲದು, ಅಲ್ಟ್ರಾಸೌಂಡ್ ಬೇಕು.

ಕೆಟ್ಟ ಭಾಗ ತೆಗೆದು, ಸುತ್ತಲಿನ ಅಂಚನ್ನು ಇಳಿಜಾರಾಗಿ ಉಜ್ಜಿ, ಕಳೆದ ಒಂದೊಂದು ಪದರಕ್ಕೂ ಅದೇ ಅಳತೆಯ ಹೊಸ ಪದರವನ್ನು, ಎಳೆ ಅದೇ ದಿಕ್ಕಿಗೆ ಬರುವಂತೆ ಕೂರಿಸಿ ಅಂಟಿಸುವುದೇ ಸ್ಕಾರ್ಫ್ ರಿಪೇರಿ. ಇಳಿಜಾರು ತೀರಾ ಸಣ್ಣದು. ಮೂವತ್ತಕ್ಕೆ ಒಂದರಂತೆ ಹಿಡಿದರೆ 3 ಮಿ.ಮೀ. ಆಳಕ್ಕೆ ಪ್ರತಿ ಬದಿಗೂ 90 ಮಿ.ಮೀ. ಉಜ್ಜಬೇಕು. ಅಂದರೆ 25 ಮಿ.ಮೀ. ತೂತಿಗೆ 205 ಮಿ.ಮೀ. ಅಗಲದ ತೇಪೆ! ಒಳ್ಳೆಯ ಭಾಗವನ್ನೇ ಇಷ್ಟು ಸವೆಸುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಇಳಿಜಾರು ಕಡಿದಾದರೆ ಭಾರವೆಲ್ಲ ತೇಪೆಯ ಅಂಚಿಗೇ ಬಿದ್ದು ಅಂಟು ಕಿತ್ತುಬರುತ್ತದೆ.

ಕಾರ್ಖಾನೆಯಲ್ಲಾದರೆ ಆಟೋಕ್ಲೇವ್ ಇದೆ, ಶಾಖದ ಜೊತೆಗೆ ಭಾರೀ ಒತ್ತಡವನ್ನೂ ಕೊಡುತ್ತದೆ. ನಿಂತಲ್ಲೇ ರಿಪೇರಿ ಮಾಡುವವರಿಗೆ ಇರುವುದು ಕಾಯಿಸಲು ವಿದ್ಯುತ್ ಹೊದಿಕೆ, ಪ್ಲಾಸ್ಟಿಕ್ ಹಾಳೆ, ವ್ಯಾಕ್ಯೂಮ್ ಪಂಪ್. ಹಾಳೆಯ ಅಡಿಯ ಗಾಳಿ ಎಳೆದರೆ ಹೊರಗಿನ ಗಾಳಿಯೇ ತೇಪೆಯನ್ನು ಒತ್ತುತ್ತದೆ, ಅದಕ್ಕಿಂತ ಹೆಚ್ಚಿನ ಒತ್ತಡ ಎಲ್ಲಿಂದಲೂ ಬರದು. ಒಂಬೈನೂರು ಮೀಟರಿಗೂ ಎತ್ತರದಲ್ಲಿರುವ ಹಾಸನದಲ್ಲಿ ಅದೂ ಕಡಲತೀರಕ್ಕಿಂತ ಹತ್ತರಲ್ಲೊಂದು ಪಾಲು ಕಡಿಮೆ.

ಇನ್ನು ತೇವ. ಸಕಲೇಶಪುರದ ಆಷಾಢದಂಥ ಹವೆಯಲ್ಲಿ ನಿಂತ ಕಾಂಪೋಸಿಟ್ ನಿಧಾನಕ್ಕೆ ನೀರು ಹೀರಿಕೊಂಡಿರುತ್ತದೆ. ಹಾಗೇ 120 ಡಿಗ್ರಿಗೆ ಕಾಯಿಸಿದರೆ ಒಳಗಿನ ನೀರು ಆವಿಯಾಗಿ ಅಂಟಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ಆದ್ದರಿಂದ ಮೊದಲು ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸುತ್ತಾರೆ.

ನನ್ನನ್ನು ಕೇಳಿದರೆ ನಿಜವಾದ ತಲೆನೋವು ಅಂಟಿನದೇ. ಉಜ್ಜಿದ ಮೈಗೆ ಬೆರಳ ಜಿಡ್ಡು ತಾಗಿದರೂ ಹಿಡಿತ ಕೆಡುತ್ತದೆ. ನೀರು ಹನಿಸಿದಾಗ ಅದು ಒಡೆಯದೆ ಪೊರೆಯಂತೆ ಹರಡಬೇಕು. ಹನಿಹನಿಯಾಗಿ ನಿಂತರೆ ಮತ್ತೆ ಸ್ವಚ್ಛ ಮಾಡಬೇಕು. ಅಂಟಿದ ಮೇಲೆ ಪರೀಕ್ಷೆಗೆ ಗುಳ್ಳೆ, ಬಿರುಕು ಸಿಗುತ್ತವೆ. ಹಿಡಿತ ಎಷ್ಟು ಗಟ್ಟಿ ಎಂಬುದು ಮಾತ್ರ ತೇಪೆ ಕೀಳದೆ ತಿಳಿಯದು. ಹಾಗಾಗಿ ಮುಖ್ಯ ಭಾಗಗಳಲ್ಲಿ, ಅಂಟಿಸಿದ ತೇಪೆ ಪೂರ್ತಿ ಎದ್ದುಹೋದರೂ ಹಾರಾಟದಲ್ಲಿ ಬರಬಹುದಾದ ಗರಿಷ್ಠ ಭಾರವನ್ನು ಉಳಿದದ್ದು ತಡೆಯಬೇಕು ಎಂಬುದು ನಿಯಮ. ಉಳಿದದ್ದು ಅಷ್ಟು ಭಾರ ತಡೆಯದಷ್ಟು ದೊಡ್ಡ ತೂತಾದರೆ ಟೈಟಾನಿಯಂ ಬೋಲ್ಟ್ ಹಾಕಿ ತೇಪೆ ಬಿಗಿಯುತ್ತಾರೆ. ಅಲ್ಯೂಮಿನಿಯಂ ಬೋಲ್ಟ್ ಆಗದು, ಕಾರ್ಬನ್‌ಗೆ ತಾಗಿ ತೇವ ಸೇರಿದರೆ ತುಕ್ಕು ತಿಂದುಬಿಡುತ್ತದೆ.