‘ಮೊದಲ ಪಿಸ್ತೂಲು ಚಿಕ್ಕದೇ ಇರಲಿ, ಅಲ್ವಾ ಮೇಡಂ?’

ಪ್ರಶ್ನೆ: ಹೊಸದಾಗಿ ಬಂದಿರುವ ಮೈಕ್ರೋ-ಕಾಂಪ್ಯಾಕ್ಟ್ ಪಿಸ್ತೂಲನ್ನು ನೀವು ಹಾರಿಸಿ ನೋಡಿದ್ದೀರಂತೆ, ಹೇಗಿದೆ ಮೇಡಂ? ನನಗೆ ಗ್ರೀನ್ ಕಾರ್ಡ್ ಬಂದು ವರ್ಷವಾಯಿತು, ಪಿಸ್ತೂಲು ಜೊತೆಗಿಟ್ಟುಕೊಂಡು ಓಡಾಡುವ ಕ್ಯಾರಿ ಪರ್ಮಿಟ್ ಈಗಷ್ಟೇ ಕೈಗೆ ಸಿಕ್ಕಿದೆ. ನನ್ನ ಹೆಂಡತಿಯೂ ಕಲಿಯಬೇಕು ಅಂತಿದ್ದಾಳೆ. ಅವಳ ಕೈ ಚಿಕ್ಕದು, ಇಬ್ಬರಿಗೂ ಇದೇ ಮೊದಲು. ಚಿಕ್ಕ ಪಿಸ್ತೂಲಾದರೆ ಒದೆತ ಕಡಿಮೆ, ಕಲಿಯೋಕೂ ಸುಲಭ ಅಂತ ಅಂಗಡಿಯವರು ಹೇಳಿದರು. ತಗೊಳ್ಳಬಹುದಾ?

ಉತ್ತರ: ಪಿಸ್ತೂಲು ಚೆನ್ನಾಗಿದೆ. ಆದರೆ ನಿಮ್ಮಿಬ್ಬರ ಮೊದಲ ಪಿಸ್ತೂಲು ಅದಾಗುವುದು ಬೇಡ.

ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಹೊಸ ಮಾದರಿ ಬಂದಾಗಲೆಲ್ಲ ಹೆಸರೊಂದು ಬದಲಾಗಿ ಇದೇ ಪ್ರಶ್ನೆ ಬರುತ್ತದೆ. ಕೊನೆಗೆ ‘ಚಿಕ್ಕದು ಸುಲಭ ಅಲ್ವಾ’ ಎಂಬ ಅದೇ ಸಾಲು. ಇವತ್ತು ಆ ಸಾಲನ್ನು ಬೇರುಸಹಿತ ಕಿತ್ತುಹಾಕಬೇಕೆಂದೇ ಕೂತಿದ್ದೇನೆ. ಹಾಗಾಗಿ ಉತ್ತರ ತುಸು ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಮೊದಲು ಪಿಸ್ತೂಲಿನ ಮಾತು ಮುಗಿಸಿಬಿಡೋಣ. ನಾನು ಹಾರಿಸಿದ್ದು ಒಟ್ಟು 150 ಗುಂಡು. ನಂಬಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಇಷ್ಟು ಪರೀಕ್ಷೆ ಸಾಲದು, ಕೈಯಲ್ಲಿ ಹೇಗೆ ಕೂರುತ್ತದೆ ಎಂದು ಹೇಳಲು ಸಾಕು. ಖಾಲಿಯಿದ್ದಾಗ ಅರ್ಧ ಕೆಜಿ ತೂಕ, ಒಂದು ಇಂಚಿನ ಆಸುಪಾಸು ದಪ್ಪ, ಮೂರು ಇಂಚಿನ ನಳಿಕೆ. ಗುಂಡಿನ ಅಳತೆ 9 ಎಂಎಂ, ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿಯಾದ ಮ್ಯಾಗಜೀನಿನಲ್ಲಿ ಹತ್ತು ಗುಂಡು. ಟ್ರಿಗರ್ ನಾನು ಅಂದುಕೊಂಡದ್ದಕ್ಕಿಂತ ನಯವಾಗಿದೆ. ಮೊದಲ ಸಡಿಲ ಮುಗಿದು ಬೆರಳಿಗೆ ಬಿಗಿ ಸಿಕ್ಕಿದ ಮೇಲೆ ತುಸು ಒತ್ತಿದರೆ ಸಾಕು, ಯಾವ ಹಂತದಲ್ಲಿ ಗುಂಡು ಹಾರುತ್ತದೆ ಎಂಬುದು ಪ್ರತಿ ಸಲವೂ ಒಂದೇ. ಸ್ಲೈಡಿನ (ನಳಿಕೆಯನ್ನು ಮುಚ್ಚಿಕೊಂಡು ಹಿಂದಕ್ಕೂ ಮುಂದಕ್ಕೂ ಓಡುವ ಮೇಲ್ಭಾಗದ) ಮೇಲೆ ರೆಡ್ ಡಾಟ್, ಅಂದರೆ ಗುರಿಗೆ ಕೆಂಪು ಚುಕ್ಕಿ ತೋರಿಸುವ ಸಾಧನ, ಕೂರಿಸಲು ಜಾಗ ಕೊರೆದಿದ್ದಾರೆ. ಹಿಡಿಯ ಮೈ ಒರಟು. ಅಂಗಿಯೊಳಗೆ ಇಟ್ಟುಕೊಂಡು ದಿನವಿಡೀ ಓಡಾಡಿದರೆ ಸಂಜೆಗೆ ಪಕ್ಕೆ ಉರಿಯುತ್ತದೆ, ಆದರೆ ಬೆವರಿದ ಕೈಯಿಂದ ಜಾರುವುದಿಲ್ಲ. ಚಪ್ಪಟೆ ತಳದ ಮ್ಯಾಗಜೀನ್ ಹಾಕಿದಾಗ ನನ್ನ ಕಿರುಬೆರಳಿಗೆ ಜಾಗವೇ ಸಿಗಲಿಲ್ಲ. ತುಸು ಉದ್ದದ ಇನ್ನೊಂದನ್ನು ಹಾಕಿದೆ ನೋಡಿ, ಅದೇ ಪಿಸ್ತೂಲು ಬೇರೆಯದೇ ಅನ್ನಿಸಿತು. ಎಂಬತ್ತು ಗುಂಡಿನವರೆಗೆ ಖುಷಿಯಾಗಿಯೇ ಹಾರಿಸಿದೆ. ಆಮೇಲೆ ಹೆಬ್ಬೆರಳಿನ ಬುಡ ನೋಯತೊಡಗಿತು. ಹದಿನಾಲ್ಕು ವರ್ಷದಿಂದ ಇದನ್ನೇ ಕಲಿಸುತ್ತಿರುವ ಕೈ ಇದು.

ಇಷ್ಟು ಚಿಕ್ಕದರಲ್ಲಿ ಹತ್ತು ಗುಂಡು ಹಿಡಿಸಿದ್ದು ನಿಜಕ್ಕೂ ಮೆಚ್ಚುವ ಕೆಲಸ. 2015ರಲ್ಲಿ ಬಂದ ಗ್ಲಾಕ್ 43ರ ಮ್ಯಾಗಜೀನಿನಲ್ಲಿ ಆರೇ ಗುಂಡು, ಒಂದರ ಮೇಲೊಂದು ಒಂದೇ ಸಾಲಾಗಿ. 2018ರಲ್ಲಿ ಸಿಗ್ ಸಾವರ್ ಪಿ365 ಬಂದಾಗ ಲೆಕ್ಕವೇ ಬದಲಾಯಿತು. ಅದರ ಮ್ಯಾಗಜೀನಿನಲ್ಲಿ ಗುಂಡುಗಳು ಕೆಳಗಡೆ ತುಸು ಎಡಕ್ಕೂ ಬಲಕ್ಕೂ ಸರಿದು ಕೂರುತ್ತವೆ, ಮೇಲೆ ಬರುತ್ತಾ ಒಂದೇ ಸಾಲಿಗೆ ಸೇರಿಕೊಳ್ಳುತ್ತವೆ. ದಪ್ಪ ಹೆಚ್ಚೇನೂ ಆಗದೆ ಹತ್ತು ಹಿಡಿಸಿದ ಗುಟ್ಟು ಇಷ್ಟೇ. ಮರುವರ್ಷ ಸ್ಪ್ರಿಂಗ್‌ಫೀಲ್ಡ್‌ನ ಹೆಲ್‌ಕ್ಯಾಟ್ ಹನ್ನೊಂದರೊಂದಿಗೆ ಬಂತು. 2021ರಲ್ಲಿ ಸ್ಮಿತ್ ಅಂಡ್ ವೆಸನ್‌ನ ಶೀಲ್ಡ್ ಪ್ಲಸ್, ರೂಗರ್ ಮ್ಯಾಕ್ಸ್-9, ಟಾರಸ್ ಜಿಎಕ್ಸ್4 ಸಾಲುಗಟ್ಟಿದವು. ಈಗ ಬಂದಿರುವುದೂ ಅದೇ ಮನೆತನದ್ದು. ಬೇಸಿಗೆಯ ತೆಳು ಅಂಗಿಯಡಿ ಯಾರಿಗೂ ಕಾಣದಂತೆ ಕೂರಬೇಕು ಎಂಬ ಒಂದೇ ಗುರಿಗಾಗಿ ಇವನ್ನು ಮಾಡಿದ್ದಾರೆ. ಅಡಗುವುದು ಸುಲಭವಾಗಲೆಂದು ಗಾತ್ರ ಇಳಿಸಿದರು. ಹಾರಿಸುವವರಿಗೆ ಅದರಿಂದ ಕಷ್ಟವೇ ಹೆಚ್ಚಾಯಿತು.

ಈಗ ಒದೆತಕ್ಕೆ ಬರೋಣ. ಒಂಬತ್ತನೇ ತರಗತಿಯಲ್ಲಿ ಸಂವೇಗ ಸಂರಕ್ಷಣೆಯ ನಿಯಮ ಓದಿದ್ದೀರಿ, ಗುಂಡು ಮುಂದಕ್ಕೆ ಹೋದರೆ ಬಂದೂಕು ಹಿಂದಕ್ಕೆ ಎಷ್ಟು ವೇಗದಲ್ಲಿ ಬರುತ್ತದೆ ಎಂಬ ಲೆಕ್ಕವನ್ನೂ ಬಿಡಿಸಿದ್ದೀರಿ. ಅದೇ ಲೆಕ್ಕವನ್ನು ಇಲ್ಲಿ ಹಾಕಿ. ಸಾಮಾನ್ಯವಾದ 9 ಎಂಎಂ ಗುಂಡಿನ ತೂಕ ಸುಮಾರು 7.5 ಗ್ರಾಂ, ಚಿಕ್ಕ ನಳಿಕೆಯಿಂದ ಹೊರಡುವಾಗ ಅದರ ವೇಗ ಸೆಕೆಂಡಿಗೆ 330 ಮೀಟರಿನ ಆಸುಪಾಸು. ಗ್ರಾಮನ್ನು ಕೆಜಿಗೆ ಬದಲಿಸಿ ಗುಣಿಸಿದರೆ ಸಂವೇಗ ಸುಮಾರು 2.5. ಇಷ್ಟೇ ಸಂವೇಗ ನಿಮ್ಮ ಕೈಯ ಕಡೆಗೂ ಬರಬೇಕು. ಅರ್ಧ ಕೆಜಿಯ ಪಿಸ್ತೂಲಾದರೆ ಅದು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಿಂದಕ್ಕೆ ಹೊರಡುತ್ತದೆ. ಸಿಝಡ್ 75ರಂಥ ಒಂದು ಕೆಜಿಯ ಉಕ್ಕಿನ ಪಿಸ್ತೂಲಾದರೆ ಎರಡೂವರೆ ಮೀಟರ್. ಕೈ ತಡೆಯಬೇಕಾದ ಶಕ್ತಿ ಚಿಕ್ಕದರಲ್ಲಿ 6 ಜೂಲಿಗೂ ಮೇಲೆ, ದೊಡ್ಡದರಲ್ಲಿ ಸುಮಾರು 3. ಎರಡು ಪಟ್ಟು! ದೊಡ್ಡದರ ಉದ್ದ ನಳಿಕೆಯಲ್ಲಿ ಗುಂಡು ತುಸು ಹೆಚ್ಚು ವೇಗ ಪಡೆಯುತ್ತದೆ, ಮದ್ದು ಉರಿದ ಅನಿಲದ ಪಾಲೂ ಇದೆ. ಅವನ್ನೆಲ್ಲ ಸೇರಿಸಿದರೂ ಚಿಕ್ಕದರ ಒದೆತವೇ ಹೆಚ್ಚು.

‘ಚಿಕ್ಕದರಲ್ಲಿ ಮದ್ದೂ ಕಡಿಮೆ ಇರುತ್ತಲ್ಲ ಮೇಡಂ’ ಅನ್ನುತ್ತಾರೆ. ಇಲ್ಲ. ಎರಡಕ್ಕೂ ಒಂದೇ ಡಬ್ಬಿಯಿಂದ ಗುಂಡು ತೆಗೆದು ತುಂಬುತ್ತೀರಿ. ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲೇ. ಚಿಕ್ಕ ಗಾಡಿಗೆ ಚಿಕ್ಕ ಎಂಜಿನ್ ಇರುವುದನ್ನು ನೋಡಿ ಅಭ್ಯಾಸವಾದ ಕಣ್ಣಿಗೆ, ಚಿಕ್ಕ ಪಿಸ್ತೂಲಿಗೂ ಚಿಕ್ಕ ಶಕ್ತಿ ಅನ್ನಿಸುತ್ತದೆ. ಇಲ್ಲಿ ಎಂಜಿನ್ ಅಂದರೆ ಗುಂಡು, ಅದು ಬದಲಾಗಿಲ್ಲ. ಗಾಡಿ ಮಾತ್ರ ಹಗುರಾಗಿದೆ. ‘ಹಾಗಾದರೆ .380 ತಗೊಳ್ಳಲಾ?’ ಎಂದು ಕೇಳುವವರೂ ಇದ್ದಾರೆ. ಅದು 9 ಎಂಎಂಗಿಂತ ಗಿಡ್ಡ ತೋಟಾ, ಶಕ್ತಿ ಕಡಿಮೆಯೇನೋ ಹೌದು. ಆದರೆ ವಾಲ್ಥರ್ ಪಿಪಿಕೆಯಂಥ ಹಳೆಯ ವಿನ್ಯಾಸದಲ್ಲಿ ಗುಂಡು ಹಾರುವ ಕ್ಷಣ ನಳಿಕೆಯನ್ನೂ ಸ್ಲೈಡನ್ನೂ ಒಂದಕ್ಕೊಂದು ಹಿಡಿದಿಡುವ ಬೀಗವಿಲ್ಲ, ಸ್ಲೈಡಿನ ತೂಕವೂ ಸ್ಪ್ರಿಂಗೂ ಸೇರಿ ಇಡೀ ಹೊಡೆತವನ್ನು ತಡೆಯಬೇಕು. ಹಾಗಾಗಿ ಕಡಿಮೆ ಶಕ್ತಿಯ ಗುಂಡಿದ್ದೂ ಅದು ಅಂಗೈಗೆ ಚುರುಕ್ಕೆನ್ನುವಂತೆ ಬಡಿಯುತ್ತದೆ.

ಒದೆತ ಒಂದೇ ಆಗಿದ್ದರೆ ನಾನು ಇಷ್ಟು ಹಟ ಹಿಡಿಯುತ್ತಿರಲಿಲ್ಲ. ಸ್ಲೈಡ್ ಎಳೆಯುವುದನ್ನೇ ನೋಡಿ. ಚಿಕ್ಕ ಪಿಸ್ತೂಲಿನ ಸ್ಲೈಡ್ ಹಗುರ, ಅದು ಹಿಂದಕ್ಕೆ ಹೋಗಲು ಇರುವ ದೂರವೂ ಕಡಿಮೆ. ಅಷ್ಟರಲ್ಲೇ ಅದನ್ನು ನಿಲ್ಲಿಸಿ ವಾಪಸು ಕಳಿಸಬೇಕೆಂದರೆ ಸ್ಪ್ರಿಂಗ್ ಬಿಗಿಯಿರಲೇಬೇಕು. ಹಿಡಿಯಲು ಜಾಗವೂ ಸಾಲದು. ಕೈಯಲ್ಲಿ ಬಲ ಕಡಿಮೆ ಇರುವವರಿಗೆ ಎಳೆಯಲು ಕಷ್ಟವಾಗುವುದು ಈ ಪಿಸ್ತೂಲೇ. ಸ್ಮಿತ್ ಅಂಡ್ ವೆಸನ್‌ನವರು ಸುಲಭವಾಗಿ ಎಳೆಯಲಾಗಲಿ ಎಂದೇ 2018ರಲ್ಲಿ ಶೀಲ್ಡ್ ಇಝಡ್ ತಂದರು. ಅದು ಅವರದೇ ಮೂಲ ಶೀಲ್ಡ್‌ಗಿಂತ ದೊಡ್ಡದು. ಸುಲಭ ಮಾಡಲು ಹೊರಟವರು ಗಾತ್ರ ಹೆಚ್ಚಿಸಿದರು, ಗಮನಿಸಿ.

ಹಿಡಿತ ಸಡಿಲವಾದರೆ ಸಿಕ್ಕಿಕೊಳ್ಳುವುದೂ ಚಿಕ್ಕದರಲ್ಲೇ ಹೆಚ್ಚು. ಗುಂಡು ಹಾರಿದಾಗ ಸ್ಲೈಡ್ ಹಿಂದಕ್ಕೆ ಓಡಿ, ಖಾಲಿ ತೋಟಾವನ್ನು ಹೊರಗೆಸೆದು, ಹೊಸದನ್ನು ತಳ್ಳಿಕೊಂಡು ಮುಂದಕ್ಕೆ ಬರಬೇಕು. ಇದಾಗಲು ಪಿಸ್ತೂಲಿನ ಉಳಿದ ಭಾಗ ನಿಮ್ಮ ಕೈಯಲ್ಲಿ ಅಲುಗದೆ ನಿಲ್ಲಬೇಕು. ಮಣಿಕಟ್ಟು ಸೋತರೆ ಇಡೀ ಪಿಸ್ತೂಲು ಸ್ಲೈಡಿನ ಜೊತೆ ಹಿಂದಕ್ಕೆ ಬರುತ್ತದೆ, ಸ್ಲೈಡ್ ತನ್ನ ಪೂರ್ತಿ ದೂರ ಓಡುವುದಿಲ್ಲ, ಖಾಲಿ ತೋಟಾ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಭಾರದ ಪಿಸ್ತೂಲು ತನ್ನ ತೂಕದಿಂದಲೇ ಅರ್ಧ ಕೆಲಸ ಮಾಡಿಕೊಡುತ್ತದೆ. ಎರಡೇ ಬೆರಳಲ್ಲಿ ಹಿಡಿದ ಹಗುರದ್ದು ಕ್ಷಮಿಸುವುದಿಲ್ಲ. ಪಾಪ, ಹೊಸಬರು ಪಿಸ್ತೂಲೇ ಸರಿಯಿಲ್ಲ ಎಂದು ವಾಪಸು ಕೊಡಲು ಹೋಗುತ್ತಾರೆ.

ಗುರಿಯ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಗುರಿ ಹಿಡಿಯಲು ಸ್ಲೈಡಿನ ಮೇಲಿರುವ ಹಿಂದಿನ ಮತ್ತು ಮುಂದಿನ ಸೈಟುಗಳ ನಡುವಿನ ದೂರ ಪೂರ್ಣ ಗಾತ್ರದ ಗ್ಲಾಕ್ 17ರಲ್ಲಿ 165 ಮಿಲಿಮೀಟರ್, ಮೈಕ್ರೋಗಳಲ್ಲಿ 130ರ ಸುತ್ತಮುತ್ತ. ಮುಂದಿನ ಸೈಟು ಒಂದೇ ಒಂದು ಮಿಲಿಮೀಟರ್ ಸರಿದರೆ 7 ಮೀಟರ್ ದೂರದ ಹಾಳೆಯ ಮೇಲೆ ಮೊದಲನೆಯದರಲ್ಲಿ 42 ಮಿಲಿಮೀಟರ್ ತಪ್ಪುತ್ತದೆ, ಎರಡನೆಯದರಲ್ಲಿ 54. ಜೊತೆಗೆ ಸದ್ದು, ಬೆಂಕಿ. ನಳಿಕೆ ಚಿಕ್ಕದಾದಷ್ಟೂ ಉರಿಯುವ ಅನಿಲ ಮುಖಕ್ಕೆ ಹತ್ತಿರದಲ್ಲಿ ಹೊರಬರುತ್ತದೆ. ಹೊಸಬರು ಬೆಚ್ಚುವುದು ಒದೆತಕ್ಕಿಂತ ಹೆಚ್ಚಾಗಿ ಈ ಸದ್ದಿಗೆ. ಕಿವಿಯೊಳಗೆ ಒಂದು, ಕಿವಿಯ ಮೇಲೊಂದು, ಎರಡು ರಕ್ಷಣೆ ಹಾಕಿಕೊಳ್ಳದವರನ್ನು ನಾನು ಸಾಲಿನಲ್ಲಿ ನಿಲ್ಲಿಸುವುದಿಲ್ಲ.

ಇನ್ನು ‘ಹೆಂಗಸರ ಕೈ ಚಿಕ್ಕದು’ ಎಂಬ ಮಾತು. ನನ್ನ ಕೈಯೂ ಚಿಕ್ಕದೇ. ಕೈಗೆ ಹೊಂದುವುದು ಅಂದರೆ ನಳಿಕೆ ಗಿಡ್ಡವಾಗಿರುವುದಲ್ಲ. ಹಿಡಿಯ ಹಿಂಬದಿಯಿಂದ ಟ್ರಿಗರಿನವರೆಗಿನ ದೂರ ನೋಡಬೇಕು, ಹಿಡಿಯ ಸುತ್ತಳತೆ ನೋಡಬೇಕು. ಮಧ್ಯಮ ಗಾತ್ರದ ಎಷ್ಟೋ ಪಿಸ್ತೂಲುಗಳ ಜೊತೆ ಹಿಡಿಯ ಹಿಂಬದಿಗೆ ಜೋಡಿಸುವ ಬೇರೆ ಬೇರೆ ಅಳತೆಯ ತುಂಡುಗಳನ್ನೇ ಕೊಡುತ್ತಾರೆ. ಚಿಕ್ಕದನ್ನು ಹಾಕಿಕೊಂಡರೆ ಆಯಿತು. ಹಿಂದೆ ಇದೇ ಬಗೆಯಲ್ಲಿ ಹೆಂಗಸರ ಕೈಗೆ ನಾಲ್ಕುನೂರು ಗ್ರಾಂ ಆಸುಪಾಸಿನ ಏರ್‌ವೇಟ್ ರಿವಾಲ್ವರ್ ಕೊಡುತ್ತಿದ್ದರು. ಟ್ರಿಗರ್ ಎಳೆಯಲೇ ಬೆವರು ಕಿತ್ತುಬರುವ ಆಯುಧ, ನುರಿತವರಿಗೂ ಕಷ್ಟದ್ದು. ರಿವಾಲ್ವರ್ ಹೋಗಿ ಮೈಕ್ರೋ ಬಂತು, ಸಲಹೆ ಮಾತ್ರ ಹಾಗೇ ಉಳಿಯಿತು.

ಹೋದ ವಸಂತದಲ್ಲಿ ಒಬ್ಬ ಹುಡುಗಿ ತರಗತಿಗೆ ಬಂದಳು. ಗಂಡ ಪ್ರೀತಿಯಿಂದ ಕೊಡಿಸಿದ ಪುಟ್ಟ ಪಿಸ್ತೂಲು. ಎರಡು ಮ್ಯಾಗಜೀನ್ ಮುಗಿಸುವಷ್ಟರಲ್ಲಿ ಕಣ್ಣಲ್ಲಿ ನೀರು. ‘ನನಗೆ ಇದು ಬರಲ್ಲ ಮೇಡಂ, ನನ್ನಲ್ಲೇ ಏನೋ ಕೊರತೆ’ ಅಂದಳು. ಹುಸಿಗುಂಡೊಂದನ್ನು ನಡುವೆ ಸೇರಿಸಿ ಕೊಟ್ಟೆ. ಹಾರದ ಆ ಗುಂಡಿಗೂ ಪಿಸ್ತೂಲಿನ ಮೂತಿ ಎರಡಿಂಚು ಕೆಳಕ್ಕೆ ಕುಸಿಯಿತು. ಹೊಡೆತ ಬರುವ ಮೊದಲೇ ಮೈ ಬೆಚ್ಚಲು ಕಲಿತುಬಿಟ್ಟಿತ್ತು. ಅವಳ ಕೈಗೆ ತೀರಾ ಸಣ್ಣ ಗುಂಡಿನ .22ರ ಪಿಸ್ತೂಲು ಕೊಟ್ಟು ಐವತ್ತು ಗುಂಡು ಹಾರಿಸಲು ಹೇಳಿದೆ, ಆಮೇಲೆ ಮಧ್ಯಮ ಗಾತ್ರದ ನನ್ನ ಗ್ಲಾಕ್ 19 ಕೊಟ್ಟೆ. ಅವತ್ತಿನ ಕೊನೆಯ ಹತ್ತು ಗುಂಡು ಹಾಳೆಯಲ್ಲಿ ಮಾಡಿದ ತೂತುಗಳನ್ನು ಅಂಗೈಯಿಂದ ಮುಚ್ಚಬಹುದಿತ್ತು. ಆ ಹಾಳೆಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ಹೋದಳು. ಈ ಕೆಲಸ ಮಾಡಲು ನನಗೆ ಇಂಥ ಹಾಳೆಗಳೇ ಕಾರಣ.

ನೀವು ಮಾಡಬೇಕಾದ್ದು ಇಷ್ಟು. ಪಿಸ್ತೂಲು ಬಾಡಿಗೆಗೆ ಸಿಗುವ ರೇಂಜಿಗೆ ಹೋಗಿ ಪೂರ್ಣ, ಮಧ್ಯಮ, ಮೈಕ್ರೋ ಮೂರನ್ನೂ ಒಂದೇ ದಿನ ಹಾರಿಸಿ, ದೊಡ್ಡದರಿಂದ ಶುರುಮಾಡಿ. ಮಧ್ಯಮ ಗಾತ್ರದ್ದು ಕೊಂಡು ಆರು ತಿಂಗಳು ಕಲಿಯಿರಿ. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್, ಒಳ್ಳೆಯ ಬೆಲ್ಟು ಇದ್ದರೆ ಅದೂ ಅಂಗಿಯಡಿ ಅಡಗುತ್ತದೆ. ಆಮೇಲೂ ಮೈಕ್ರೋ ಬೇಕೆನ್ನಿಸಿದರೆ ಈಗ ಬಂದಿರುವ ಹೊಸದನ್ನೇ ತೆಗೆದುಕೊಳ್ಳಿ, ಅಷ್ಟರಲ್ಲಿ ನಿಮ್ಮ ಕೈ ಅದಕ್ಕೆ ಸಿದ್ಧವಾಗಿರುತ್ತದೆ.

ನೀವು ಕೇಳದ ಒಂದು ವಿಷಯ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ನಿಮಗೆ ಗ್ರೀನ್ ಕಾರ್ಡ್ ಇದೆ, ಸರಿ. ನಿಮ್ಮ ಮನೆಯವರು ಯಾವ ವೀಸಾದಲ್ಲಿದ್ದಾರೆ? ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2, ಇವೆಲ್ಲ ವಲಸೆಯೇತರ ವೀಸಾಗಳು. ಇವುಗಳಲ್ಲಿ ಅಮೆರಿಕಕ್ಕೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಕೇಂದ್ರ ಕಾನೂನಿನ 18ನೇ ಶೀರ್ಷಿಕೆಯ 922(ಜಿ)(5)ನೇ ಕಲಂ. ಅಂಗಡಿಯಲ್ಲಿ ತುಂಬುವ 4473 ನಮೂನೆಯಲ್ಲೇ ಇದರ ಪ್ರಶ್ನೆಯಿದೆ. ಕೊಳ್ಳುವುದಷ್ಟೇ ಅಲ್ಲ, ರೇಂಜಿನಲ್ಲಿ ನಿಮ್ಮ ಪಿಸ್ತೂಲನ್ನು ಕೈಗೆತ್ತಿಕೊಂಡು ಹಾರಿಸಿದರೂ ಅದು ವಶದಲ್ಲಿ ಇಟ್ಟುಕೊಂಡಂತೆಯೇ. 2022ರ ತಿದ್ದುಪಡಿಯ ನಂತರ ಇದಕ್ಕೆ ಗರಿಷ್ಠ ಶಿಕ್ಷೆ ಹದಿನೈದು ವರ್ಷ. ರಾಜ್ಯದಲ್ಲಿ ಪರ್ಮಿಟ್ಟೇ ಬೇಡದಿದ್ದರೂ ಈ ನಿಷೇಧ ಸಡಿಲವಾಗುವುದಿಲ್ಲ. ಊರಿನಿಂದ ಬಂದ ಅಪ್ಪನನ್ನು ರೇಂಜಿಗೆ ಕರೆದುಕೊಂಡು ಹೋಗಿ, ಕೈಗೆ ಪಿಸ್ತೂಲು ಕೊಟ್ಟು ಫೋಟೋ ತೆಗೆದು ಎಲ್ಲರಿಗೂ ಕಳಿಸುವವರನ್ನು ನೋಡಿದಾಗ ನನ್ನ ಎದೆ ಧಸಕ್ಕೆನ್ನುತ್ತದೆ. ಆ ಅಪ್ಪ ಬಂದಿರುವುದು ಬಿ-2ರಲ್ಲಿ.

ವಿನಾಯಿತಿಗಳಿವೆ. ಸಾಮಾನ್ಯರಿಗೆ ಒದಗುವುದು ಒಂದೇ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಬೇಟೆಗೆ ಹೋಗದಿದ್ದರೂ ಅದನ್ನು ನಿಯಮದಂತೆ ಪಡೆದುಕೊಂಡಿದ್ದರೆ ಈ ನಿಷೇಧ ತಟ್ಟುವುದಿಲ್ಲ. ಕ್ಯಾರಿ ಪರ್ಮಿಟ್ಟಿಗೆ ಮಾತ್ರ ನಿಮ್ಮ ರಾಜ್ಯದ ನಿಯಮವನ್ನು ಬೇರೆಯಾಗಿಯೇ ನೋಡಬೇಕು. ತರಗತಿಗೆ ಬರುವಾಗ ಮನೆಯವರು ಗ್ರೀನ್ ಕಾರ್ಡನ್ನೋ ಬೇಟೆ ಪರವಾನಗಿಯನ್ನೋ ಜೊತೆಗೆ ತರಲಿ. ಪರವಾನಗಿಯಾದರೆ ಕೊನೆಯ ದಿನಾಂಕ ನೋಡಿಕೊಳ್ಳಿ. ಅವಧಿ ಮುಗಿದ ದಿನವೇ ವಿನಾಯಿತಿಯೂ ಮುಗಿಯುತ್ತದೆ.